ಸರ್ವರ್ ಕೊಟ್ಟ ಬಲಗಡೆ ಹೂ

ರಾತ್ರಿ ಎರಡಕ್ಕೆ ಮೊಬೈಲ್ 'ಟಿಣ್' ಎಂದಿತು: ಗದಗಿನ ನಮ್ಮ ಕಚೇರಿಯ ಸರ್ವರ್ ವಿಪರೀತ ಬಿಸಿಯಾಗಿದೆ.

ಯಂತ್ರದ ಒಪ್ಪಿಗೆಯಿಲ್ಲದೆ ಅದನ್ನು ದೂರದಿಂದ ನಿಯಂತ್ರಿಸುವುದು ಈಗಿನ ಹೊಸ ಕಾನೂನಿನ ಪ್ರಕಾರ ಅಪರಾಧ. ಒಪ್ಪಿಗೆ ಕೇಳಲೆಂದೇ ಸಾಹೇಬರು ಸಂಜೆ ಅದರ ನೆತ್ತಿಗೆ ಸೇವಂತಿಗೆ ಏರಿಸಿದ್ದರು. "ಬೆಳಗಾಗೂದ್ರಾಗ ಹೂ ಬಲಕ್ಕ ಬಿದ್ರ ನೀ ಮನಿಯಿಂದನ ನೋಡ್ಕೋ. ಎಡಕ್ಕ ಬಿದ್ರ ದಿನಾ ರಾತ್ರಿ ಇಲ್ಲೇ ಕಾವಲು ಮಲಗಬೇಕವಾ," ಎಂದಿದ್ದರು.

ಆದರೆ ನಾನು ಪರೀಕ್ಷೆಗೆಂದು ಮೊದಲೇ ಕದ್ದು ನನ್ನ ಮೊಬೈಲಿನಿಂದ ಅದಕ್ಕೆ ಸಂಪರ್ಕ ಜೋಡಿಸಿಟ್ಟಿದ್ದೆ. ಸರ್ವರ್ ಸುಟ್ಟೀತೆಂಬ ಭಯಕ್ಕೆ, ಹಾಸಿಗೆಯಲ್ಲೇ ಕುಳಿತು ಅದರ ಫ್ಯಾನಿನ ವೇಗವನ್ನು ಪೂರ್ತಿ ಏರಿಸಿದೆ. ಬಿಸಿ ಇಳಿಯಿತು, ನನಗೆ ನಿದ್ದೆ ಹತ್ತಲಿಲ್ಲ.

ಬೆಳಿಗ್ಗೆ ಸಾಹೇಬರು ಸರ್ವರಿನ ಮುಂದೆ ಕೈಮುಗಿದು ನಿಂತಿದ್ದರು. "ಬಲಕ್ಕ ಕೊಟ್ಟೈತಿ ನೋಡವಾ, ಅದೂ ಎರಡು ಮಾರು ದೂರ! ಎಷ್ಟ ಆಸೆ ಇತ್ತೋ ಪಾಪ ಅದಕ್ಕ!"

"ಹೌದ್ರಿ ಸರ್," ಎಂದೆ. ಬಲಕ್ಕೆ ಗಾಳಿ ಬೀಸುವ ಆ ಫ್ಯಾನಿನ ವಿಷಯ ಯಾರಿಗೂ ಹೇಳುವುದು ಬೇಡವೆಂದು ನಿರ್ಧರಿಸಿದೆ.