ಸತ್ತ ಸಸಿಯ ಜಾಗ

ಬದುವಿನ ಮೇಲೆ ನಿಂತ ಶೈಲಜಾಗೆ ತನ್ನ ಕಣ್ಣನ್ನೇ ನಂಬಲಾಗಲಿಲ್ಲ. ಹನ್ನೆರಡು ಪುಟ್ಟ ಮಡಿಗಳೂ ಭತ್ತದ ಸಸಿಗಳಿಂದ ತುಂಬಿ ನಿಂತಿದ್ದವು. ನಾಲ್ಕು ದಿನದ ಹಿಂದೆ ಅವುಗಳಲ್ಲಿ ಅರ್ಧದಷ್ಟು ಜನವರಿಯ ಚಳಿಗೆ ಹಳದಿಯಾಗಿ ಸೊರಗಿದ್ದವು. ಸತ್ತ ಸಸಿ ಎಣಿಸಲೆಂದೇ ಆಕೆ ಬೆಳಿಗ್ಗೆ ಏಳಕ್ಕೆಲ್ಲ ವಿರೂಪಾಪುರಗಡ್ಡೆಗೆ ಬಂದಿದ್ದಳು. ನೋಡಿದರೆ ಸತ್ತದ್ದು ಒಂದೂ ಇಲ್ಲ.

"ಎಲ್ಲಾ ತುಂಬಿಸೇನ್ರಿ ಮೇಡಮ್ಮಾರ," ಎಂದಳು ಹೊಲದ ಒಡತಿ ಹುಲಗೆಮ್ಮ, ಸೆರಗಿಗೆ ಕೈ ಒರೆಸಿಕೊಳ್ಳುತ್ತ. "ನಿನ್ನಿ ಇಡೀ ದಿನ ಬಗ್ಗಿ ಬಗ್ಗಿ ನಡಾನ ಹಿಡಕೊಂಡೈತಿ."

ಇವತ್ತು ದೊಡ್ಡ ಸಾಹೇಬರು ಬರುತ್ತಾರೆ, ಹೊಲ ಬೋಳು ಬೋಳು ಕಂಡರೆ ಮೇಡಂಗೆ ಮಾತು ಬಂದೀತು ಎಂದು ಆಕೆಗೆ ಚಿಂತೆ ಹತ್ತಿತ್ತಂತೆ. ಸತ್ತವನ್ನೆಲ್ಲ ಕಿತ್ತೆಸೆದು, ತನ್ನ ಸ್ವಂತ ಸಸಿಮಡಿಯಲ್ಲಿ ಉಳಿದಿದ್ದ ಸಸಿ ತಂದು ಹಚ್ಚಿದ್ದಳು. ನಲವತ್ತು ವರ್ಷದಲ್ಲಿ ತನ್ನ ಕೈ ನಾಟಿಯ ಹೊಲದಲ್ಲಿ ಖಾಲಿ ಜಾಗ ಇದೆ ಎಂದು ಯಾರೂ ಬೆರಳು ತೋರಿಸಿಲ್ಲ ಎಂದಳು. ಜಂಬದಿಂದಲ್ಲ, ತನ್ನ ಊರಿನ ಹೆಸರು ಹೇಳುವಷ್ಟು ಸಹಜವಾಗಿ.

ಶೈಲಜಾ ಬದುವಿನ ಮೇಲೇ ಕೂತುಬಿಟ್ಟಳು. ಆ ಮಡಿಗಳಲ್ಲಿ ಅವಳ ಎರಡು ವರ್ಷದ ದುಡಿಮೆ ಇತ್ತು. ಹನ್ನೆರಡು ಮಡಿಗೆ ಹನ್ನೆರಡು ತಳಿ. ಕೆಲವು ತಳಿಗಳಲ್ಲಿ ಒಂದು ಜೀನು ಚಳಿ ತಾಗಿದ ಕೂಡಲೇ ಎಚ್ಚೆತ್ತು, ತಡೆದುಕೊಳ್ಳಲು ಗಿಡವನ್ನು ಸಜ್ಜುಗೊಳಿಸುತ್ತದೆ. ಕೆಲವುಗಳಲ್ಲಿ ಅದು ಏಳುವುದೇ ಇಲ್ಲ. ಯಾವ ತಳಿಯಲ್ಲಿ ಅದು ಎದ್ದಿದೆ ಎಂದು ತಿಳಿಯಲು ಸತ್ತದ್ದನ್ನು ಎಣಿಸಬೇಕು. ಹನ್ನೊಂದಕ್ಕೆ ಬರುವ ಹಿರಿಯ ವಿಜ್ಞಾನಿಗೆ ಆ ಲೆಕ್ಕ ತೋರಿಸಿದರೆ ಬರುವ ವರ್ಷ ರೈತರಿಗೆ ಬೀಜ. ಇಲ್ಲವಾದರೆ ಪ್ರಯೋಗ ಇಲ್ಲಿಗೇ ಮುಗಿಯಿತು. ಹೋದ ವರ್ಷ ಚಳಿಗೆ ಸಸಿಮಡಿಯನ್ನೇ ಕಳೆದುಕೊಂಡಿದ್ದ ಹುಲಗೆಮ್ಮ ಆ ಬೀಜದ ಆಸೆಗೇ ಈ ನೆಲ ಬಿಟ್ಟುಕೊಟ್ಟಿದ್ದಳು. ಪ್ಲಾಸ್ಟಿಕ್ ಹೊದಿಸಬೇಡಿ, ಹೆಚ್ಚು ಗೊಬ್ಬರ ಹಾಕಬೇಡಿ ಎಂದೆಲ್ಲ ಶೈಲಜಾ ಹೇಳಿದ್ದಳು. ಖಾಲಿ ಜಾಗ ತುಂಬಬೇಡಿ ಎಂದೂ ಹೇಳಬೇಕೆನ್ನುವುದು ಕುಷ್ಟಗಿಯ ಜೋಳದ ಸೀಮೆಯಲ್ಲಿ ಬೆಳೆದ ಅವಳಿಗೆ ಹೊಳೆದೇ ಇರಲಿಲ್ಲ. ಬೈಯುವುದಾದರೂ ಯಾರನ್ನು?

ಮೆಲ್ಲಗೆ ಎಲ್ಲ ಬಿಡಿಸಿ ಹೇಳಿದಳು. ಹುಲಗೆಮ್ಮನ ಮುಖ ಬಾಡಿತು.

"ಸತ್ತಾವನ್ನ ಎಣಸೂದಿತ್ತನ್ರಿ? ನಾನ ಕೆಡಿಸಿದ್ನಲ್ಲ ಯವ್ವಾ."

ಹಚ್ಚಿದ್ದನ್ನೆಲ್ಲ ಈಗಲೇ ಕೀಳುತ್ತೇನೆಂದು ಆಕೆ ಕೊರೆಯುವ ನೀರಿಗೆ ಇಳಿದೇಬಿಟ್ಟಳು. ಆದರೆ ಕೀಳುವುದು ಯಾವುದನ್ನು? ಎಲ್ಲ ಒಂದೇ ಹಸಿರು. ಹಚ್ಚಿದ ಕೈಗೇ ಆ ಗಾಬರಿಯಲ್ಲಿ ಗುರುತು ಸಿಗದೆ ಬಗ್ಗಿದಲ್ಲೇ ನಿಂತಳು. ಅದನ್ನು ನೋಡಲಾಗದೆ ಶೈಲಜಾ ತಾನೂ ಇಳಿದಳು.

ಒಂದು ಬುಡಕ್ಕೆ ಕೈ ಹಾಕಿದಳು: ಒಂದೇ ಸಸಿ. ಪಕ್ಕದ್ದರಲ್ಲಿ ಎರಡು. ಮುಂದಿನದರಲ್ಲಿ ಮತ್ತೆ ಒಂದು. ಸಾಲಿನುದ್ದಕ್ಕೂ ಬುಡ ಮುಟ್ಟಿ ನೋಡುತ್ತ ಹೋದಳು. ಪ್ರಯೋಗದ ನಾಟಿಯಲ್ಲಿ ಬುಡಕ್ಕೆ ಒಂದೇ ಸಸಿ, ಅದು ನಿಯಮ. ಹಾಗಾದರೆ ಎರಡಿದ್ದದ್ದೆಲ್ಲ ಹುಲಗೆಮ್ಮನದು.

"ಜೋಡಿ ಇದ್ದದ್ದಷ್ಟ ಕೀಳ್ರಿ ಹುಲಗೆಮ್ಮಾರ," ಎಂದಳು.

ಇಬ್ಬರೂ ಸೇರಿ ಕಿತ್ತರು. ಹತ್ತೂವರೆಗೆ ಹೊಲ ಮತ್ತೆ ಬೋಳಾಯಿತು. ಮೂರನೇ ಮಡಿಯಲ್ಲಿ ಅರವತ್ತೊಂದು ಖಾಲಿ ಜಾಗ, ಒಂಬತ್ತನೆಯದರಲ್ಲಿ ಬರೀ ಎರಡು. ಶೈಲಜಾ ಆ ಎರಡನ್ನು ಮೂರು ಸಲ ಎಣಿಸಿ ಬರೆದುಕೊಂಡಳು. ಆಮೇಲೆ, ಉಳಿದವೆಲ್ಲ ಒಂದೊಂದೇ ಇರುವುದನ್ನು ನೋಡಿಯೂ ಎರಡೆರಡು ಯಾಕೆ ಹಚ್ಚಿದಿರಿ ಎಂದು ಕೇಳಿದಳು.

ಇದೂ ತಪ್ಪಾಯಿತೇನೋ ಎಂದು ಹುಲಗೆಮ್ಮ ತಲೆ ತಗ್ಗಿಸಿದಳು.

"ಇಂಥಾ ಥಂಡ್ಯಾಗ ಒಂದನ್ನ ಒಂಟಿ ನಿಲ್ಲಸಾಕ ಮನಸ್ಸು ಬರಲಿಲ್ರಿ."