ಅಪ್ಪನನ್ನು ಹೆಸರು ಹಿಡಿದು ಕರೆದದ್ದು

ಕೊಬ್ಬರಿ ಎಣ್ಣೆಯಲ್ಲಿ ಕುಂಕುಮ ಕಲಸಿದ ವಾಸನೆ ಬಂದರೆ ಇವತ್ತಿಗೂ ನನಗೆ ಮಾನ್ವಿಯ ಆ ಮಧ್ಯಾಹ್ನ ನೆನಪಾಗುತ್ತದೆ. ನಾಟಕ ಕಂಪನಿಯಲ್ಲಿ ಅಪ್ಪನದು ರಾಜನ ಪಾತ್ರ. ಕೊನೆಯ ದೃಶ್ಯದಲ್ಲಿ ಎದೆಗೆ ಆ ಕೆಂಪು ಬಳಿದುಕೊಂಡು ಸಾಯುತ್ತಿದ್ದ. ಸ್ಟೇಜಿನ ಮೇಲೆ ಸತ್ತವನು ಪರದೆ ಬಿದ್ದರೂ ತಾನಾಗಿ ಏಳಬಾರದು, ಮನೆಯವರು ಹೆಸರು ಹಿಡಿದು ಕರೆಯಬೇಕು. ಅದು ಕಂಪನಿಯ ಪದ್ಧತಿ. ಯಾವಾಗಲೂ ಕರೆಯುತ್ತಿದ್ದವಳು ಅಪ್ಪನ ತಾಯಿ, ನಮ್ಮಜ್ಜಿ. ಅವಳು ತೀರಿಕೊಂಡ ಮೇಲೆ ಅದೇ ಮೊದಲ ನಾಟಕ.

ಪರದೆ ಬಿತ್ತು. ಅಪ್ಪ ಏಳಲಿಲ್ಲ. ಗಂಡನ ಹೆಸರು ಎಂದೂ ಹೇಳದ ಅವ್ವ ನನ್ನನ್ನು ಮುಂದೆ ದೂಡಿದಳು. "ನೀನ ಕರಿ ಬೇ."

"ಅಪ್ಪನ ಹೆಸರು ಹೆಂಗ ಹೇಳ್ಲಿ ಯವ್ವಾ?"

ಹಾರ್ಮೋನಿಯಂ ಮಾಸ್ತರರು ಕೈಮುಗಿದು ನಿಂತಿದ್ದರು. "ಕರಿ ಯವ್ವಾ, ಹಂಗ ಬಿಡಬಾರ್ದು."

ಬಣ್ಣದ ಹಣೆಯ ಮೇಲೆ ನೊಣ ಕೂತಿತ್ತು. ಅಪ್ಪನ ರೆಪ್ಪೆ ಅಲುಗಲಿಲ್ಲ. ನಾನು ಅವನ ಕಿವಿಯ ಹತ್ತಿರ ಬಾಗಿದೆ.

"ಶರಣಪ್ಪಾ, ಏಳಪ್ಪಾ."

ಕಣ್ಣು ತೆರೆದ. "ಬಂದೆ ಯವ್ವಾ" ಅಂದ. ಎದ್ದು ಕೂತವನು, ಅಜ್ಜಿಗೆ ಮಾಡುತ್ತಿದ್ದಂತೆಯೇ, ಆ ಕೆಂಪು ಕೈಗಳಿಂದ ನನ್ನ ಪಾದ ಮುಟ್ಟಿದ.

ಎರಡು ದಿನ ನಾನು ಕಾಲು ತೊಳೆಯಲಿಲ್ಲ.