ಗದ್ದಲದ ದಿನ ಹೆಣ್ಣು ನೋಡಿದ್ದು

ಮೂಡಲಗಿಯಿಂದ ಹೆಣ್ಣು ನೋಡಲು ಬಂದವರು ಪಡಸಾಲೆಯಲ್ಲಿ ಕೂತು ಅವಲಕ್ಕಿ ತಿನ್ನುತ್ತಿದ್ದರು. ಎದುರಿಗೇ ಗೋಕಾಕ ಪೇಟೆಯ ಜಾತ್ರೆ ಅಬ್ಬರಿಸುತ್ತಿತ್ತು. ಬಾಗಿಲಿನಿಂದ ಹತ್ತು ಮಾರು ದೂರದಲ್ಲಿ ಹಗ್ಗದ ಮೇಲೆ ನಡೆಯುವವರ ಡೋಲು, ಅದರ ಬಾಜೂಕ್ಕೆ ಮಿಠಾಯಿ ಅಂಗಡಿಯ ಗ್ರಾಮೋಫೋನು, ನಡುವೆ ಪೀಪಿ ಊದುವ ಮಕ್ಕಳ ದಂಡು. ಆ ಐದು ದಿನ ಓಣಿಯ ಜನ ಉಪ್ಪು ಬೇಕಾದರೂ ಕೈಸನ್ನೆ ಮಾಡಿಯೇ ಕೇಳಬೇಕು. ಪ್ರತಿ ವರ್ಷ ತನ್ನ ಬಾಗಿಲ ಮುಂದೆ ಡೋಲು ಬೇಡವೆಂದು ಜಗಳ ತೆಗೆಯುತ್ತಿದ್ದ ಮನೆಯ ಯಜಮಾನ ಬಸವಣ್ಣೆಪ್ಪ, ಈ ಸಲ ತಾನೇ ಹೋಗಿ ಹಗ್ಗದ ಆಟದವರನ್ನು ಕರೆದು, ಮುಂದೆ ನಿಂತು ಗೂಟ ಹೊಡೆಸಿದ್ದ. ಹೆಣ್ಣು ನೋಡಲು ಬರುವವರಿಗೂ ಇದೇ ದಿನ ಹೇಳಿ ಕಳಿಸಿದ್ದ.

ಕಾರಣ, ಅವನ ಮಗಳು ಕೆಂಚವ್ವನ ದನಿ. ನೂಲಿನ ಗಿರಣಿಯಲ್ಲಿ ದುಡಿದು ಬಂದ ಅವಳ ತಾಯಿ ಉದ್ದವ್ವನಿಗೆ ಕಿವಿ ಮಂದ. ಆದರೆ ಯಂತ್ರಗಳ ಸದ್ದಿನ ನಡುವೆ ಗೆಳತಿಯರ ತುಟಿ ನೋಡಿಯೇ ಮಾತು ತಿಳಿಯುವುದನ್ನು ಅಲ್ಲಿ ಕಲಿತಿದ್ದಳು. ಹೀಗಾಗಿ ಕೆಂಚವ್ವ ತಾಯಿ ಎದುರಿಗಿದ್ದರೆ ಬರೀ ತುಟಿ ಆಡಿಸುತ್ತಿದ್ದಳು, ತಾಯಿ ಒಲೆಯ ಕಡೆ ತಿರುಗಿದ್ದರೆ ಒದರುತ್ತಿದ್ದಳು. ಇವೆರಡರ ನಡುವಿನ ದನಿಯೊಂದು ಅವಳಿಗೆ ರೂಢಿಯೇ ಆಗಿರಲಿಲ್ಲ. ಹೋದ ವರ್ಷ ಅಂಕಲಗಿಯವರು ಬಂದು ಹೆಸರು ಕೇಳಿದಾಗ, ಅವಳು ಹೇಳಿದ ರಭಸಕ್ಕೆ ಹುಡುಗನ ಸೋದರತ್ತೆ ಚಹಾ ಚೆಲ್ಲಿ ಸೀರೆ ಕೆಡಿಸಿಕೊಂಡಿದ್ದಳು. ಹೋಗುವಾಗ ಆಕೆ, ಹುಡುಗಿ ಚಲೋ ಅದಾಳ, ಡಂಗುರ ಸಾರುವವರ ಮನಿಗೆ ಕೊಡ್ರಿ, ಎಂದು ಹೇಳಿಯೇ ಹೋಗಿದ್ದಳು. ಅದಕ್ಕೂ ಮೊದಲು ಬಂದಿದ್ದ ದಡ್ಡಿ ಊರಿನವರು ಅಷ್ಟೂ ಹೇಳದೆ ಎದ್ದಿದ್ದರು. ಕೆಂಚವ್ವನಿಗೆ ಇಪ್ಪತ್ತು ತುಂಬಿತ್ತು. ಈ ಸಲವೂ ತಪ್ಪಿದರೆ ಆಮೇಲೆ ಕೇಳಿ ಬರುವವರೇ ಇರಲಿಲ್ಲ.

"ಎಲ್ಲಾರೂ ಒದರೂ ದಿನಾ ನೀನೂ ಒದರು. ಯಾರಿಗೂ ಗೊತ್ತಾಗೂದಿಲ್ಲ," ಎಂದು ಬಸವಣ್ಣೆಪ್ಪ ಮಗಳಿಗೆ ಹೇಳಿಕೊಟ್ಟಿದ್ದ. ಹುಡುಗನ ತಂದೆ ಪರಪ್ಪ, ಜಾತ್ರೆಯ ದಿನವೇ ಬರುತ್ತೇವೆ ಎಂದು ಒಂದೇ ಮಾತಿಗೆ ಒಪ್ಪಿಕೊಂಡದ್ದನ್ನು ಕೇಳಿ ಅವನಿಗೆ ತನ್ನ ಜಾಣತನದ ಮೇಲೆ ಇನ್ನಷ್ಟು ನಂಬಿಕೆ ಬಂದಿತ್ತು.

ಕೆಂಚವ್ವ ಬಂದು ಚಾಪೆಯ ಮೇಲೆ ಕೂತಳು. ಪರಪ್ಪ ಹೆಸರೇನೆಂದು ಕೇಳಿ ಕಿವಿಗೆ ಕೈ ಹಚ್ಚಿದ. ಅವಳು ತನ್ನ ಪೂರ್ತಿ ದನಿ ತೆಗೆದು ಹೇಳಿದಳು. ಬೆಚ್ಚುವ ಬದಲು ಅವನು, ಈಗ ಕೇಳಿತು ನೋಡು, ಎನ್ನುವಂತೆ ತಲೆದೂಗಿದ. ರೊಟ್ಟಿ ಬಡಿಯಲು ಬರುತ್ತದೆಯೇ, ಎಮ್ಮೆ ಹಿಂಡಲು ಬರುತ್ತದೆಯೇ ಎಂದು ಅವನು ಒದರಿದ. ಬರುತ್ತದೆ ಎಂದು ಅವಳು ಒದರಿದಳು. ಬಸವಣ್ಣೆಪ್ಪ ಗೆದ್ದವನಂತೆ ಮೀಸೆ ತಿರುವಿದ.

ಕೆಂಚವ್ವನ ಕಣ್ಣು ಮಾತ್ರ ಹುಡುಗನ ಮೇಲಿತ್ತು. ಶೆಟ್ಟೆಪ್ಪ ಎಂದು ಹೆಸರು. ಹಿಟ್ಟಿನ ಗಿರಣಿ ನಡೆಸುವ ಎತ್ತರದ ಆಳು. ಇಷ್ಟು ಸದ್ದಿನಲ್ಲಿ ಅವನೊಬ್ಬನೇ ಯಾರ ಮಾತನ್ನೂ ಎರಡನೇ ಸಲ ಕೇಳಲಿಲ್ಲ. ಯಾರು ಮಾತಾಡಿದರೂ ಅವರ ಬಾಯನ್ನೇ ನೋಡುತ್ತಿದ್ದ. ಬಸವಣ್ಣೆಪ್ಪ ಗೋಡೆಯ ಕಡೆ ತಿರುಗಿ ಕೇಳಿದ ಒಂದು ಪ್ರಶ್ನೆಗೆ ಮಾತ್ರ ಸುಮ್ಮನೆ ಕೂತ. ಪರಪ್ಪ ಅವಸರದಿಂದ ತಾನೇ ಉತ್ತರ ಕೊಟ್ಟ. ಹಾಗೆ ಬಾಯಿ ನೋಡುವ ಕಣ್ಣು ಕೆಂಚವ್ವನಿಗೆ ಹುಟ್ಟಿದಾಗಿನಿಂದ ಪರಿಚಯ. ಅವಳಿಗೆ ತಿಳಿದುಹೋಯಿತು.

ಹಿರಿಯರು ಎಲೆ ಅಡಿಕೆಯ ತಟ್ಟೆಗೆ ಕೈ ಹಾಕಿದಾಗ ಶೆಟ್ಟೆಪ್ಪ ಅವಳ ಕಡೆ ಬಾಗಿದ. ಈ ಗದ್ದಲದಲ್ಲಿ ತನ್ನ ಮಾತು ಅವಳೊಬ್ಬಳಿಗೇ ಮುಟ್ಟುತ್ತದೆ ಎಂದು ಅವನ ಎಣಿಕೆ. ಅದೇ ಗಳಿಗೆಗೆ ಹೊರಗೆ, ತಲೆಯ ಮೇಲೆ ಕೊಡ ಹೊತ್ತ ಹೆಂಗಸು ಹಗ್ಗದ ನಟ್ಟನಡುವೆ ಬಂದು ಒಂದು ಕಾಲು ಎತ್ತಿದಳು. ಡೋಲು ನಿಂತಿತು. ಪೀಪಿ ನಿಂತವು. ಗ್ರಾಮೋಫೋನಿನವನು ಕೂಡ ಮುಳ್ಳು ಎತ್ತಿ ಹಿಡಿದು ಮೇಲೆ ನೋಡಿದ. ಇಡೀ ಪೇಟೆ ಉಸಿರು ಹಿಡಿಯಿತು. ಶೆಟ್ಟೆಪ್ಪನಿಗೆ ಇದೊಂದೂ ಗೊತ್ತಾಗಲಿಲ್ಲ.

"ನನಗ ಕಿವಿ ಕೇಳೂದಿಲ್ಲ," ಎಂದ, ಜಾತ್ರೆಯನ್ನು ಮೀರಿಸುವ ದನಿಯಲ್ಲಿ. "ನಮ್ಮಪ್ಪ ಹೇಳಬ್ಯಾಡ ಅಂದಾನ. ಮುಚ್ಚಿಟ್ಟು ಮದಿವಿ ಆಗೂದು ನನಗ ಸರಿ ಕಾಣೂದಿಲ್ಲ. ನಿನಗ ಮನಸ್ಸೈತೇನು, ನೀನ ಹೇಳು."

ಹಗ್ಗ ನೋಡುತ್ತಿದ್ದ ಪೇಟೆ ಪಡಸಾಲೆಯ ಕಡೆ ತಿರುಗಿತು. ಪರಪ್ಪ ಬಾಯಿಗೆ ಒಯ್ಯುತ್ತಿದ್ದ ಎಲೆ ಗದ್ದದ ಹತ್ತಿರವೇ ನಿಂತಿತು. ಮೋಸ ಎನ್ನಲು ಬಾಯಿ ತೆರೆದ ಬಸವಣ್ಣೆಪ್ಪ, ತಾನು ಈ ದಿನವನ್ನು ಯಾಕೆ ಆರಿಸಿದ್ದೆ ಎಂಬುದು ನೆನಪಾಗಿ ಬಾಯಿ ಮುಚ್ಚಿಕೊಂಡ. ಆಮೇಲೆ ಮಗಳು ಬಾಯಿ ತೆರೆಯುವುದನ್ನು ಕಂಡು ಕಣ್ಣನ್ನೂ ಮುಚ್ಚಿಕೊಂಡ.

ಕೆಂಚವ್ವನಿಂದ ದನಿ ಹೊರಡಲಿಲ್ಲ. ತಾಯಿಯ ಮುಂದೆ ಆಡುವ ಹಾಗೆ ತುಟಿಯಷ್ಟೇ ಆಡಿತು.

"ಐತಿ. ಆದ್ರ ನಾ ಭಾಳ ಒದರತೇನಿ. ನಮ್ಮಪ್ಪನೂ ಹೇಳಬ್ಯಾಡ ಅಂದಾನ."

ಶೆಟ್ಟೆಪ್ಪ ಕೊನೆಯ ಮಾತಿನವರೆಗೂ ನೋಡಿ, ಪೇಟೆಗೆಲ್ಲ ಕೇಳುವಂತೆ, "ಒದರು. ನನಗೇನ್ ತ್ರಾಸ ಆಗ್ತೈತಿ?" ಎಂದ.

ಹಗ್ಗದ ಮೇಲಿನ ಹೆಂಗಸು ಆಚೆಯ ಕಂಬ ಮುಟ್ಟಿದಳು. ಡೋಲು ಮೊದಲಿಗಿಂತ ಜೋರಾಗಿ ಎದ್ದಿತು. ಹುಡುಗಿ ಏನಂದಳು ಎಂದು ಇಬ್ಬರು ತಂದೆಯರೂ ಒಬ್ಬರ ಕಿವಿಗೆ ಒಬ್ಬರು ಬಾಯಿ ಹಚ್ಚಿ ಕೇಳುತ್ತಿದ್ದರು. ಅಡುಗೆಮನೆಯ ಬಾಗಿಲಲ್ಲಿ ಮಗಳ ಮುಖ ಕಾಣುವಂತೆ ಕೂತಿದ್ದ ಉದ್ದವ್ವ ಯಾರನ್ನೂ ಏನೂ ಕೇಳದೆ ಎದ್ದು ಒಳಗೆ ಹೋಗಿ, ಗೋಡೆಯ ಮಾಡದೊಳಗಿನ ಸಕ್ಕರೆ ಡಬ್ಬಿ ತೆಗೆದು, ಮೊದಲ ಚಿಟಿಕೆಯನ್ನು ತನ್ನ ಬಾಯಿಗೇ ಹಾಕಿಕೊಂಡಳು.